ಖಣಿಯ ದಂಡೆಯಲ್ಲಿ ನಾನು ಮುಚ್ಚಿಟ್ಟ ನೋವು

ಮುಧೋಳದ ಆಚೆಯ ಆ ಕಲ್ಲುಖಣಿ ಬಸ್ಸಿನ ಕಿಟಕಿಯಿಂದ ಕಂಡರೆ ನಾನು ಈಗಲೂ ಮುಖ ತಿರುಗಿಸಿಕೊಳ್ಳುತ್ತೇನೆ. ಕಲ್ಲು ತೆಗೆದು ಬಿಟ್ಟ ಆಳದ ಗುಂಡಿ ಅದು. ಪಂಪು ನಿಲ್ಲಿಸಿದ ಮೇಲೆ ನೀರು ತುಂಬಿ, ಒಂದು ಅಗೆಯುವ ಯಂತ್ರ ತಳದಲ್ಲೇ ಉಳಿದುಬಿಟ್ಟಿತ್ತು. ಅದನ್ನು ಮೇಲೆತ್ತಲು ಉಕ್ಕಿನ ಹಗ್ಗ ಕಟ್ಟುವ ಕೆಲಸ ನನ್ನ ತಮ್ಮನಿಗೆ ಬಂದಿತ್ತು. ನೀರಿನೊಳಗೆ ಇಳಿದು ಕೆಲಸ ಮಾಡುವುದನ್ನು ಅವನು ಕಾರವಾರದ ಕಡೆ ಕಲಿತಿದ್ದ. ನಾನು ನಾಲ್ಕನೆಯ ತರಗತಿಗೇ ಸಾಲಿ ಬಿಟ್ಟು ಬನಹಟ್ಟಿಯ ನಮ್ಮ ಮನೆಯ ಮಗ್ಗಕ್ಕೆ ಕುಳಿತವಳು.

ಹಿಂದಿನ ದಿನ ಅವನೂ ಅವನ ಜೋಡಿಗಾರನೂ ನಮ್ಮ ಪಡಸಾಲೆಯಲ್ಲಿ ಕುಳಿತು ಲೆಕ್ಕ ಹಾಕಿದರು. ಜೋಡಿಗಾರ ಕರಾವಳಿಯವನು, ಮಾತು ಕಡಿಮೆ. ಒಂದೇ ದಿನದಲ್ಲಿ ಮೂರು ಸಲ ಇಳಿಯುವುದು, ಎಲ್ಲಕ್ಕಿಂತ ಆಳದ್ದು ಮೊದಲು.

"ಒಮ್ಮೆ ಇಳದು ಎಲ್ಲಾ ಮುಗಿಸಾಕ ಬರೂದಿಲ್ಲೇನ್ಲೇ?" ಎಂದೆ.

"ಅಷ್ಟ ಆಳದಾಗ ಬಾಳ ಹೊತ್ತ ಇರಾಕ ಬರಂಗಿಲ್ಲಕ್ಕಾ. ಬರೇ ಗಾಳಿ ಎಳಕೊಂಡ್ರ ಕುಡದವರಂಗ ತಲಿ ತಿರಗತೈತಿ. ಅದಕ್ಕ ಹೀಲಿಯಂ ಬೆರಸ್ತೇವಿ."

"ಹಂಗಾರ ಒಂದರ ಬೆನ್ನಿಗೆ ಒಂದು ಇಳೀರಿ."

"ಮಗ್ಗದ ಎಳಿಗೆ ಹಚ್ಚಿದ ಗಂಜಿ ಆರಲಾರದ ಮತ್ತ ಗಂಜಿ ಹಚ್ಚತೀಯೇನು? ನನ್ನ ಮೈನೂ ಹಂಗ. ಇಳದಾಗೊಮ್ಮೆ ಗಾಳಿ ಹೀರತೈತಿ. ಮ್ಯಾಲ ಬಂದು ತಾಸುಗಟ್ಟಲೆ ಆರಬೇಕು. ಆದ್ರೂ ಪೂರ್ತಿ ಆರೂದಿಲ್ಲ. ಉಳದದ್ದನ್ನ ಹಿಡದು ಮುಂದಿನ ಸಲದ ಲೆಕ್ಕಾ ಹಾಕೂದು."

ಆಗ ಜೋಡಿಗಾರ ತಲೆ ಎತ್ತಿದ. "ಒಂದು ಮಾತ್ರ ಲೆಕ್ಕಕ್ಕೆ ಸಿಗೋದಿಲ್ಲ, ಅಕ್ಕ. ಮೈಯಲ್ಲಿ ಉಳಿದ ಗಾಳಿ ಗುಳ್ಳೆ ಕಟ್ಟಿದರೆ ಮೊದಲು ನೋವಾಗಿ ಕಾಣ್ತದೆ. ಮೇಲೆ ಬಂದ ಮೇಲೆ ಎಲ್ಲಿ ಸಣ್ಣ ನೋವು ಕಂಡರೂ ಬಾಯಿಬಿಟ್ಟು ಹೇಳಬೇಕು. ಹೇಳಿದ ಕೂಡಲೇ ಮಲಗಿಸಿ ಆಕ್ಸಿಜನ್ ಕೊಡ್ತೇವೆ. ಆ ದಿನದ ಕೆಲಸ ಅಲ್ಲಿಗೆ ಬಂದ್."

ಸಾಲಿ ಹೆಚ್ಚು ಕಲಿಯದವಳು, ಅದಕ್ಕೇ ತಿಳಿಯಲಿಲ್ಲ ಎನ್ನಲು ನನಗೆ ದಾರಿಯಿಲ್ಲ. ತಿಳಿದಿತ್ತು.

ಮರುದಿನ ರೊಟ್ಟಿ ಬುತ್ತಿ ಕಟ್ಟಿಕೊಂಡು ಖಣಿಗೆ ಹೋದೆ. ತಮ್ಮ ಆಗಲೇ ಮೊದಲ ಸಲ ನೀರಿಗಿಳಿದಿದ್ದ. ಸ್ವಲ್ಪ ಹೊತ್ತಿಗೆ ಚಿಮ್ಮಡದಿಂದ ಒಬ್ಬರು ಬೈಕಿನ ಮೇಲೆ ಬಂದಿಳಿದರು. ತಮ್ಮನಿಗೆ ನೋಡಿದ್ದ ಹುಡುಗಿಯ ಸೋದರಮಾವ. ಹೇಳದೆ ಕೇಳದೆ ಬಂದಿದ್ದರು, ಹುಡುಗನ ಕೆಲಸ ಕಣ್ಣಾರೆ ನೋಡಲು. 'ನೀರಿನ ಕೆಲಸ' ಎಂದು ಹಿಂದೆಯೂ ಸಂಬಂಧ ತಪ್ಪಿಹೋಗಿತ್ತು.

"ಇಷ್ಟೊತ್ತು ಒಳಗ ಏನ್ಮಾಡ್ತಾನವ್ವಾ?" ಎಂದು ಕೇಳಿದರು.

"ಮ್ಯಾಲ ಬರೂ ಮುಂದ ಅಲ್ಲಲ್ಲಿ ನಿಂತು ನಿಂತು ಬರಬೇಕ್ರೀ ಕಾಕಾರ."

"ನಮ್ಮ ಜಮಖಂಡಿ ಬಸ್ಸಿನಂಗ ಅನ್ನು!" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಮೈಯಾಗ ಏನೂ ಬ್ಯಾನಿ ಇಲ್ಲಲ್ಲಾ?" ಎಂದರು.

"ಏನಿಲ್ರೀ. ಕಲ್ಲಿನಂಗ ಅದಾನ."

ಎರಡನೆಯ ಸಲ ಇಳಿದು ಬಂದ ಮೇಲೆ ತಮ್ಮ, ಸಿಲಿಂಡರ್ ತಂದಿದ್ದ ಗಾಡಿಯ ಹಿಂದೆ ನಿಂತಿದ್ದ ನನ್ನ ಹತ್ತಿರ ಬಂದ.

"ಅಕ್ಕಾ, ಬಲಗಡೆ ಹೆಗಲು ಸೆಳ್ಯಾಕತ್ತೈತಿ. ಜೋಡಿಗಾರಗ ಹೇಳಿ ಬರ್ತೇನಿ."

"ಬಾಳ ಐತೇನು?"

"ಬಾಳೇನಿಲ್ಲ. ಆದ್ರ ಐತಿ."

ಅವನು ನೆಲದ ಮೇಲೆ ಮಲಗಿ, ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡಿರುವುದು ನನ್ನ ಕಣ್ಣಿಗೆ ಕಟ್ಟಿತು. ಕಾಕಾ ಅದನ್ನು ನೋಡಿ ಬೈಕು ಹತ್ತುವುದೂ ಕಂಡಿತು. ಸಂಜೆಯೊಳಗೆ ಚಿಮ್ಮಡಕ್ಕೆಲ್ಲ ಸುದ್ದಿ.

"ಸುಮ್ಮಕಿರು. ಕಾಕಾ ಕುಂತಾರ. ಸಿಲಿಂಡರ್ ಹೊತ್ತದ್ದಕ್ಕ ಸೆಳೀತಿರಬೇಕು. ನಮ್ಮ ಮನ್ಯಾಗ ಯಾರ ಹೆಗಲು ನೋಯೂದಿಲ್ಲ ಹೇಳು?"

ಅದು ಸುಳ್ಳಲ್ಲ. ಮಗ್ಗದ ಮನೆಯಲ್ಲಿ ಹೆಗಲು ನೋವನ್ನು ಯಾರೂ ರೋಗ ಎನ್ನುವುದಿಲ್ಲ. ಮುಲಾಮು ಹಚ್ಚಿ ತಿಕ್ಕಿದೆ. ಅವ್ವ ತೀರಿಕೊಂಡಾಗಿನಿಂದ ಅವನನ್ನು ಬೆಳೆಸಿದವಳು ನಾನು. ಅವನು ನನ್ನ ಮಾತು ಮೀರಿದವನಲ್ಲ. ಮೂರನೆಯ ಸಲ ಇಳಿಯುವ ಮೊದಲು ಜೋಡಿಗಾರ "ಏನಾದರೂ ನೋವು?" ಎಂದು ಕೇಳಿದ. ತಮ್ಮ ನನ್ನ ಕಡೆ ನೋಡಿ, "ಏನಿಲ್ಲ" ಎಂದ.

ನೀರಿನ ಮೇಲೆ ಗುಳ್ಳೆ ಏಳುತ್ತಿರುವವರೆಗೆ ನಾನು ಉಸಿರಾಡಿದೆ. ಅವು ಸ್ವಲ್ಪ ಸರಿದಾಗಲೆಲ್ಲ ಎದ್ದು ನಿಂತೆ. ಅವನು ಮೇಲೆ ಬಂದ. ದಂಡೆ ಹತ್ತಿ ನಡೆಯಲು ಹೋದವನು ಅಲ್ಲೇ ಕುಸಿದ.

"ಅಕ್ಕಾ, ಕಾಲು ಎಲ್ಲಿ ಅದಾವು ತಿಳೀವಲ್ದು."

ಆಕ್ಸಿಜನ್ ಹಾಕಿದರು. ಗಾಳಿಯ ಒತ್ತಡದಲ್ಲಿ ಮಲಗಿಸಿ ಮೈಯೊಳಗಿನ ಗುಳ್ಳೆ ಕರಗಿಸುವ ಕೋಣೆ ಇರುವ ಆಸ್ಪತ್ರೆ ದೂರದ ಪಟ್ಟಣದಲ್ಲಿತ್ತು. ಬೈಕು ಹತ್ತಿ ಹೋಗುತ್ತಾರೆ ಎಂದು ನಾನು ಅಂದುಕೊಂಡಿದ್ದ ಕಾಕಾ ನಮ್ಮ ಜೊತೆ ಗಾಡಿ ಹತ್ತಿದರು. ದಾರಿಯುದ್ದಕ್ಕೂ ಸಿಲಿಂಡರ್ ಉರುಳದಂತೆ ತಬ್ಬಿಕೊಂಡು ಕುಳಿತರು.

"ಮೊದಲ ಏನರೆ ನೋವು ಅಂದಿದ್ನೇನವ್ವಾ?" ಎಂದರು.

"ಇಲ್ರೀ," ಎಂದೆ. ಆಗಲಾದರೂ ಹೇಳಬಹುದಿತ್ತು.

ಕಾಲು ಮರಳಿ ಬಂದವು. ಎಡಗಾಲು ಮಾತ್ರ ಇನ್ನೂ ಸ್ವಲ್ಪ ಎಳೆಯುತ್ತದೆ. ಮದುವೆ ಆ ಹುಡುಗಿಯೊಂದಿಗೇ ಆಯಿತು. "ಹುಡುಗನ ಕಾಲು..." ಎಂದು ನಾನು ತೊದಲಿದರೆ ಕಾಕಾ ಗದರಿದರು: "ನಾ ಎತ್ತು ಕೊಳ್ಳಾಕ ಬಂದಿದ್ನೇನವ್ವಾ, ಹಲ್ಲು ನೋಡಿ ಹೊಳ್ಳಿ ಹೋಗಾಕ?" ಯಾವುದಕ್ಕೆ ಹೆದರಿ ತಮ್ಮನ ಬಾಯಿ ಮುಚ್ಚಿಸಿದ್ದೆನೋ ಅದು ಇರಲೇ ಇಲ್ಲ.

ಆಸ್ಪತ್ರೆಯಲ್ಲಿ ಜೋಡಿಗಾರ ಕೇಳಿದಾಗ ತಮ್ಮ, "ನೋವಿತ್ತು, ನಾನ ಹೇಳಲಿಲ್ಲ," ಎಂದುಬಿಟ್ಟಿದ್ದ. ನನ್ನ ಹೆಸರು ಬರಲಿಲ್ಲ. ನಾನೂ ತೆಗೆಯಲಿಲ್ಲ.

ಡಾಕ್ಟರು ಅವನಿಗೆ ಇನ್ನು ನೀರಿಗಿಳಿಯಬೇಡ ಎಂದಿದ್ದಾರೆ. ದಂಡೆಯ ಮೇಲೆ ಕುಳಿತು ಇಳಿಯುವವರ ಲೆಕ್ಕ ಹಾಕುವ ಕೆಲಸವಾದರೂ ಸಿಗಲಿ ಎಂದು ಜೋಡಿಗಾರನನ್ನು ಕೇಳಿದ. ಅವನು ಒಪ್ಪಲಿಲ್ಲ. "ತನ್ನ ನೋವು ಮುಚ್ಚಿಟ್ಟವನು ಬೇರೆಯವರ ನೋವು ಹೇಗೆ ಕೇಳ್ತಾನೆ?" ಎಂದನಂತೆ. ತಮ್ಮ ಅದನ್ನು ನನಗೆ ಹೇಳಲಿಲ್ಲ, ಅವನ ಹೆಂಡತಿ ಹೇಳಿದಳು. "ಅಕ್ಕಾರ, ಇವರು ಯಾಕ ಮುಚ್ಚಿಟ್ರು ಅಂತ ನಿಮಗರೆ ಗೊತ್ತೇನ್ರಿ?" ಎಂದೂ ಕೇಳಿದಳು. ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುವ ಹಾಗೆ ತಲೆ ತಗ್ಗಿಸಿದೆ.

ನಿನ್ನೆ ಜೋಡಿಗಾರನಿಗೆ ನಾನೇ ಫೋನ್ ಮಾಡಿದೆ. ತಮ್ಮ ಎದುರಿಗೇ ಕುಳಿತು ನೂಲು ಬಿಡಿಸುತ್ತಿದ್ದ.

"ಅವ ಹೇಳಾಕ ಹೊಂಟಿದ್ದ್ರೀ. ನಾನ ಬ್ಯಾಡ ಅಂದೆ."

ಜೋಡಿಗಾರ, "ಫೋನ್ ಅವನಿಗೆ ಕೊಡಿ," ಎಂದ.

ಕೊಟ್ಟೆ. ತಮ್ಮ ಕಿವಿಗಿಟ್ಟುಕೊಂಡು ಕೇಳಿದ. ಕೈಯಲ್ಲಿದ್ದ ನೂಲನ್ನು ಕೆಳಗಿಟ್ಟ.

"ಹೌದು," ಎಂದ. "ಅಕ್ಕಗ ಹೇಳಿದ್ದೆ."

ಜೋಡಿಗಾರ ಇನ್ನೂ ಏನೋ ಹೇಳುತ್ತಿದ್ದ, ನನಗೆ ಕೇಳಿಸಲಿಲ್ಲ. ತಮ್ಮ ನನ್ನ ಮುಖ ನೋಡದೆ ಎದ್ದು, ಎಡಗಾಲು ಎಳೆಯುತ್ತ, ಫೋನ್ ಹಿಡಿದುಕೊಂಡೇ ಅಂಗಳಕ್ಕೆ ಹೋದ.