ಸೀಸೆಯೊಳಗಿನ ಸೊಪ್ಪು

ಸೊಪ್ಪನ್ನು ದುಡ್ಡು ಕೊಟ್ಟು ತರುವವರನ್ನು ಕಂಡರೆ ನಮ್ಮವ್ವನಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಎರಡು ಹದ ಮಳೆ ಬಿದ್ದರೆ ಸಾಕು, ಕೊತ್ತತ್ತಿಯ ನಮ್ಮ ಗದ್ದೆ ಬದುವಿನ ಮೇಲೆ ಅಣ್ಣೆ, ಕನ್ನೆ, ಹೊನಗೊನ್ನೆ, ಗಣಿಕೆ ಎಲ್ಲ ಒಂದರ ಮೈಮೇಲೊಂದು ಬಿದ್ದು ಬೆಳೆಯುತ್ತಿದ್ದವು. ಎಲ್ಲವನ್ನೂ ಸೇರಿಸಿ ಕಿತ್ತರೆ ಅದು ಬೆರಕೆ ಸೊಪ್ಪು. ಯಾರ ಬದುವಿನಲ್ಲಿ ಯಾರು ಬೇಕಾದರೂ ಕೀಳಬಹುದಿತ್ತು. ಕಬ್ಬು ಮುರಿದರೆ ಜಗಳ, ಸೊಪ್ಪು ಕಿತ್ತರೆ ಮಾತಿಲ್ಲ.

ನಾನೂ ಅಣ್ಣನೂ ಅವ್ವನ ಹಿಂದೆ ಹೋಗುತ್ತಿದ್ದೆವು. ಅಣ್ಣನಿಗೆ ಅವಸರ, ಬುಡಸಮೇತ ಎಳೆಯುತ್ತಿದ್ದ. ಅವ್ವ ಅವನ ಕೈಮೇಲೆ ಒಂದು ಬಿಡುತ್ತಿದ್ದಳು. "ಕುಡಿ ಚಿವುಟ್ಲಾ, ಬೇರು ಬುಡು. ನಾಳೆ ಬರೋಳ್ಗೂ ಇರ್ಲಿ." ಮಧ್ಯಾಹ್ನಕ್ಕೆ ಉಪ್ಸಾರು. ಸೊಪ್ಪು ಬೇಯಿಸಿದ ನೀರಿಗೆ ಬೆಳ್ಳುಳ್ಳಿ ಮೆಣಸಿನ ಖಾರ ಕಲಸಿ, ಬಿಸಿ ಮುದ್ದೆ ಮುರಿದು ಅದ್ದಿ ನುಂಗುವುದು, ಪಕ್ಕದಲ್ಲಿ ಸೊಪ್ಪಿನ ಪಲ್ಯ. ಆ ಸಾರಿನ ಘಮ ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಅದೇ ಅಣ್ಣನಿಗೆ ಈಗ ಅರವತ್ತು ಹತ್ತಿರ. ಅವನಿಗಿಂತ ಮುಂಚೆ ಅವನ ಹೊಟ್ಟೆ ಬಾಗಿಲು ದಾಟುತ್ತದೆ. ಸಕ್ಕರೆ, ಬಿಪಿ, ರಕ್ತದಲ್ಲಿ ಕೊಬ್ಬು, ಒಂದೂ ಬಿಟ್ಟಿಲ್ಲ. "ಇವೆಲ್ಲ ಒಟ್ಟಿಗೆ ಸೇರ್ಕೊಂಡ್ರೆ ಕೊನೆಗೆ ಬಂದು ಕೂರೋದು ಹಾರ್ಟಿನ ಮೇಲೆ" ಎಂದು ಮಂಡ್ಯದ ಡಾಕ್ಟರು ನನ್ನೆದುರಿಗೇ ಹೇಳಿದ್ದರು. ನಡೆಯಿರಿ, ಸೊಪ್ಪು ತರಕಾರಿ ತಿನ್ನಿ ಅಂದಿದ್ದರು. ಅಣ್ಣ ಎರಡಕ್ಕೂ ತಲೆಯಾಡಿಸಿ, ಎರಡನ್ನೂ ಮಾಡಲಿಲ್ಲ.

ಅಷ್ಟರಲ್ಲಿ ನೆಂಟರೊಬ್ಬರು ಒಂದು ಸೀಸೆ ತಂದುಕೊಟ್ಟರು. ಹಣ್ಣು, ತರಕಾರಿ, ಸೊಪ್ಪು ಒಣಗಿಸಿ ಪುಡಿ ಮಾಡಿ ತುಂಬಿದ ಹಸಿರು ಗುಳಿಗೆಗಳು. ಹೃದಯಕ್ಕೆ ಬಹಳ ಒಳ್ಳೆಯದಂತೆ. ಅಣ್ಣನಿಗೆ ಸ್ವರ್ಗ ಸಿಕ್ಕಿತು. ಮುದ್ದೆಯ ತುತ್ತಿನೊಳಗೆ ಗುಳಿಗೆ ಹುದುಗಿಸಿ ಗುಳುಕ್ ಅನ್ನಿಸುತ್ತಿದ್ದ. ಅತ್ತಿಗೆ ಪಲ್ಯ ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ. "ಆಗ್ಲೇ ಒಳಿಕ್ ಓಗ್ಯದೆ ಬುಡು, ಒಂದ್ ಬುಟ್ಟಿ ಸೊಪ್ಪು."

ಹೋದ ವರ್ಷ ಮಳವಳ್ಳಿಯಲ್ಲಿ ನೆಂಟರ ಮನೆ ಬೀಗರೂಟ. ಬೀಗರೂಟ ಎಂದರೆ ಮಾಂಸದೂಟ, ಅಲ್ಲಿ ಬೇಡ ಅಂದವನನ್ನು ಯಾರೂ ನಂಬುವುದಿಲ್ಲ. ಅಣ್ಣ ಜೇಬಿನಿಂದ ಎರಡು ಗುಳಿಗೆ ತೆಗೆದು ನುಂಗಿ, ಹರಕೆ ತೀರಿಸಿದವನ ಹಾಗೆ ಎಲೆ ಮುಂದೆ ಕೂತ. ವಾಪಸು ಬರುವಾಗ ಮದ್ದೂರಿನಲ್ಲಿ ಬಸ್ಸು ಬದಲಿಸಲು ಇಳಿದೆವು. ವಡೆ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತವನು ಪೊಟ್ಟಣ ಬಿಚ್ಚಲೇ ಇಲ್ಲ. ಕೈಯಲ್ಲಿ ವಡೆ ಇಟ್ಟುಕೊಂಡು ತಿನ್ನದ ಅಣ್ಣನನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಹಣೆಯ ಮೇಲೆ ಬೆವರು. "ಎದೆ ಇಡ್ಕಂಡಂಗ್ ಆಯ್ತದೆ ಕಣಮ್ಮಿ" ಅಂದ. ಆಟೋ ಹತ್ತಿಸಿ ಅಲ್ಲಿನ ಆಸ್ಪತ್ರೆಗೆ ಕರೆದೊಯ್ದೆ, ಅವರು ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕಳಿಸಿದರು.

ಹಾರ್ಟ್ ಅಟ್ಯಾಕ್ ಅಲ್ಲ. ಬಿಪಿ ಮೇಲೇರಿತ್ತು. ಮಾತ್ರೆ ತಗೊಳ್ತಿದ್ದೀರಾ ಎಂದು ಡಾಕ್ಟರು ಕೇಳಿದಾಗ ಅಣ್ಣ ಗೋಡೆ ನೋಡಿದ. ಸೀಸೆ ಬಂದ ಮೇಲೆ ಬಿಪಿ ಮಾತ್ರೆಯನ್ನೇ ಬಿಟ್ಟಿದ್ದ, ಮಹಾರಾಯ! ಡಾಕ್ಟರು ಸೀಸೆ ತರಿಸಿ ತಿರುಗಿಸಿ ನೋಡಿದರು. "ಇದನ್ನ ನಂಬ್ಕೊಂಡು ಹಾರ್ಟ್ ಕಾಯೋಕಾಗಲ್ಲ. ಮಾತ್ರೆ ಬಿಡಬೇಡಿ. ಸೊಪ್ಪನ್ನ ಸೊಪ್ಪಾಗೇ ತಿನ್ನಿ. ಈ ಸಲ ಬಿಪಿ ಅಷ್ಟೇ. ಮುಂದಿನ ಸಲ ನಾನು ಹೇಳಲಾರೆ."

ಅವನು ಮನೆಗೆ ಬಂದ ಮಾರನೇ ಬೆಳಿಗ್ಗೆ ನಾನು ಬುಟ್ಟಿ ಹಿಡಿದು ಗದ್ದೆಗೆ ಹೋದೆ. ಬದು ಬೋಳಾಗಿ ಕಂದಿತ್ತು, ಮೂಲೆಯಲ್ಲಿ ಮಾತ್ರ ನಾಲ್ಕು ಎಲೆ ಹಸಿರು. ಬಗ್ಗುವಷ್ಟರಲ್ಲಿ ಪಕ್ಕದ ಗದ್ದೆಯ ಹೆಂಗಸು ಕೂಗಿದಳು. "ಅಯ್ಯೋ, ಮುಟ್ಬೇಡ ಕಣಮ್ಮ! ಕಳೆ ಔಷ್ದಿ ಒಡ್ದವ್ರೆ. ನಿಮ್ಮಣ್ಣನೇ ಒಡ್ಸಿರೋದು."

ಬರಿ ಬುಟ್ಟಿ ತಂದು ಅಣ್ಣನ ಮುಂದೆ ಕುಕ್ಕಿದೆ. ಕಾಯಿಲೆಯವನು ಎನ್ನುವುದನ್ನೂ ನೋಡಲಿಲ್ಲ. "ಅವ್ವನ ಬದೂಗೆ ಇಸ ಒಡ್ಸ್ಬುಟ್ಟು, ಅದೇ ಸೊಪ್ಪ ಸೀಸೇಲಿ ತಂದು ನುಂಗ್ತಿಯಲ್ಲಣ್ಣ, ನಿಂಗೆ ಬುದ್ಧಿ ಅದಾ?"

"ಎಲ್ಲಾರೂ ಒಡೀತಾರೆ. ಕಳೆ ಕೀಳಕ್ಕೆ ಆಳು ಎಲ್ಲವ್ರೆ?" ಅಂದ. ಆಮೇಲೆ ಬುಟ್ಟಿಯನ್ನೇ ನೋಡುತ್ತಾ ಕೂತ. ಅದು ಅವ್ವನ ಬುಟ್ಟಿ. ನನಗೆ ಅಳು ಬಂತು, ಒಳಗೆ ಹೋದೆ.

ಅವ್ವ ಸೊಪ್ಪು ಕೀಳುತ್ತಿದ್ದ ನಾಲೆ ಕಡೆಯ ಬದುವಿಗೆ ಅವನು ಆಮೇಲೆ ಔಷಧಿ ಹೊಡೆಸಲಿಲ್ಲ. ಔಷಧಿ ಹೊಡೆಯುವವರು ಅಭ್ಯಾಸಬಲದಿಂದ ಅಲ್ಲಿಗೂ ಪಂಪು ತಿರುಗಿಸಿಬಿಟ್ಟಾರೆಂದು ದಿನಾ ಬೆಳಿಗ್ಗೆ ತಾನೇ ನಡೆದುಹೋಗಿ ಕಾವಲು ನಿಂತ. ಡಾಕ್ಟರು ಕೈಮುಗಿದು ಕೇಳಿದರೂ ನಡೆಯದ ಮನುಷ್ಯ! ಬಿಪಿ ಮಾತ್ರೆ ಮತ್ತೆ ಶುರುವಾಯಿತು, ಸೀಸೆ ಅಟ್ಟ ಸೇರಿತು.

ಈ ವರ್ಷದ ಮಳೆಗೆ ಬದು ಹಸಿರಾಯಿತು ಎಂದು ಫೋನು ಮಾಡಿದ. ನಾನಿರುವ ಮಂಡ್ಯದಿಂದ ಓಡಿದೆ. ಇಬ್ಬರೂ ಬಗ್ಗಿ ಕಿತ್ತೆವು. ಅವನು ನಡುನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದ, ಆದರೆ ಕುಡಿಯನ್ನೇ ಚಿವುಟುತ್ತಿದ್ದ. ಅತ್ತಿಗೆ ಉಪ್ಸಾರು ಮಾಡಿದಳು. ಮುದ್ದೆ ಮೊದಲಿನ ಅರ್ಧದಷ್ಟು, ಪಲ್ಯ ತಟ್ಟೆ ತುಂಬ. ಅಣ್ಣ ಒಂದು ತುತ್ತು ನುಂಗಿ ನನ್ನ ಕಡೆ ತಿರುಗಿದ.

"ಅವ್ವನ್ ಸಾರಿನಂಗಿಲ್ಲ ಅಲ್ವಾ? ಯಾವ್ದೋ ಒಂದ್ ಸೊಪ್ಪು ಕಮ್ಮಿ."

ನನಗೂ ಹಾಗೇ ಅನ್ನಿಸಿತ್ತು. ಗಣಿಕೆ ಎಲ್ಲೂ ಹುಟ್ಟಿರಲಿಲ್ಲ.

"ಮುಂದಿನ್ ಮಳೆಗೆ ಬಂದಾತು" ಅಂದೆ.

"ಬರ್ತದೆ. ನಾನಿರ್ಬೇಕಲ್ಲ."

"ಇರ್ತೀಯ. ಪಲ್ಯ ತಿನ್ನು" ಎಂದು ಗದರಿದೆ. ಅವನು ಪಲ್ಯವನ್ನು ಬಳಿದು ತಿಂದು ತಟ್ಟೆಯನ್ನು ನನ್ನ ಕಡೆ ಸರಿಸಿದ, ಇನ್ನೊಂದು ಸೌಟು ಬಡಿಸಲಿ ಎಂದು.