ಚೌಕಳಿ ಅಂಗಿಯ ತುಂಡು

ನನ್ನ ಬ್ಲಾಗಿನಲ್ಲಿ ಇದ್ದದ್ದು ಬರೀ ಕೌದಿಗಳು. ಬೈಲಹೊಂಗಲದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ರಜೆಯ ದಿನ ಊರೂರು ತಿರುಗಿ, ಹಳೆಯ ಸೀರೆ, ಅಂಗಿ, ಲಂಗಗಳ ತುಂಡು ಕೂಡಿಸಿ ಹೆಂಗಸರು ಹೊಲಿದ ಈ ಹೊದಿಕೆಗಳ ಫೋಟೊ ತೆಗೆಯುತ್ತಿದ್ದೆ. ಯಾವ ತುಂಡು ಯಾರದೆಂದು ಕೇಳಿ ಬರೆಯುತ್ತಿದ್ದೆ. ಓದುವವರು ಇಪ್ಪತ್ತು ಮಂದಿ ಇದ್ದರೆ ಹೆಚ್ಚು.

ಇಂಟರ್ನೆಟ್ ಅಂಗಡಿಯಲ್ಲಿ ಒಂದು ಚಿತ್ರ ಏರಿಸಲು ಅರ್ಧ ತಾಸು ಹಿಡಿಯುತ್ತಿತ್ತು. ಅದಕ್ಕೇ ಪ್ರತಿಯೊಂದನ್ನೂ ಮೊದಲು ಸಣ್ಣದು ಮಾಡುತ್ತಿದ್ದೆ. ಎರಡು ಸಾವಿರದ ಏಳರಲ್ಲಿ ಹೊಸ ಲೈನು ಬಂತು. "ಇನ್ನ ಸಣ್ಣದು ಮಾಡೂ ತ್ರಾಸ ಬ್ಯಾಡ್ರಿ ಅಕ್ಕಾರ, ಹಂಗ ಏರಸ್ರಿ," ಎಂದ ಅಂಗಡಿಯವ. ಮುಂದಿನ ಚಿತ್ರವನ್ನು ಹಾಗೇ ಏರಿಸಿದೆ.

ಅದು ನನ್ನ ಚಿಕ್ಕಮ್ಮನ ಮಗಳ ಕೌದಿ. ಗಂಡ ಕೊಡಲಿ ಎತ್ತಿದ ಮರುದಿನ ಅವಳು ನೇಸರಗಿಯಿಂದ ಅದೊಂದನ್ನೇ ಸುತ್ತಿಕೊಂಡು ಓಡಿಬಂದಿದ್ದಳು. ರಾಮದುರ್ಗದ ಒಬ್ಬ ಮುದುಕಿಯ ಮನೆಯ ಹಿಂದಿನ ಕೋಣೆಯಲ್ಲಿ ಅವಳನ್ನು ಇರಿಸಿದವಳು ನಾನು. ಬಂಧುಗಳಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಚಿತ್ರದಲ್ಲಿ ಮುಖವಿಲ್ಲ, ಹೆಸರಿಲ್ಲ, ನಾನು ಊರೂ ಬರೆದಿಲ್ಲ. ಗೋಡೆಯ ಮೇಲೆ ಒಣಗುವ ಒಂದು ಕೌದಿ. ಏನಾದೀತು ಅಂದುಕೊಂಡೆ.

ಎರಡನೆಯ ದಿನ ಮಧ್ಯಾಹ್ನ ಅದರ ಕೆಳಗೆ ಒಂದು ಪ್ರತಿಕ್ರಿಯೆ ಬಂದಿತ್ತು: "ಚೌಕಳಿ ಅಂಗಿ ನಂದು."

ಅವಳ ಗಂಡ ಫೋಟೊ ಸ್ಟುಡಿಯೊ ಇಟ್ಟವನು, ನನ್ನ ಬ್ಲಾಗು ಬಲ್ಲವನು. ಅವನು ಮಾಡಿದ್ದನ್ನೇ ನಾನೂ ಮಾಡಿದೆ, ಅಂಗೈಯಗಲದ ಚಿತ್ರವನ್ನು ಒತ್ತಿದೆ. ಪರದೆ ತುಂಬ ತೆರೆದುಕೊಂಡಿತು. ಕೆಂಪು ಚೌಕಳಿಯ ತುಂಡು, ಅದರ ಮೇಲೆ ಜೇಬು ಕಿತ್ತ ಗುರುತು. ಗೋಡೆಯಾಚೆ ನೀರಿನ ಟಾಕಿ. ಟಾಕಿಯ ಮೇಲೆ ಊರ ಹೆಸರು, ವಾರ್ಡಿನ ನಂಬರು.

ಬರಹ ಅಳಿಸಿದೆ. ಅಂಗಡಿಯವ ಹಿಂದಿನಿಂದ ಬಗ್ಗಿ, "ಬರದದ್ದು ಹೋತ್ರಿ, ಚಿತ್ರ ಹೋಗಿಲ್ಲ. ಅದರ ವಿಳಾಸ ಬ್ಯಾರೆ ಇರತೈತಿ," ಎಂದು ತೆರೆದು ತೋರಿಸಿದ. ಎಲ್ಲ ಚಿತ್ರಗಳೂ ಹೋಗಿ ಕೂಡುವ ಜಾಗ ಹುಡುಕಿ ಅಲ್ಲಿಂದ ಅಳಿಸುವಷ್ಟರಲ್ಲಿ ಎರಡು ಸಲ ಪಾಸ್‌ವರ್ಡ್ ತಪ್ಪು ಒತ್ತಿದ್ದೆ.

"ಯಾರರೆ ಮೊದಲ ಇಳಿಸಿಕೊಂಡಿದ್ರ?" ಎಂದೆ.

ಅವನು ನನ್ನ ಚೀಲ ಎತ್ತಿ ಕೈಗಿಟ್ಟ.

ಆ ಮನೆಗೆ ಫೋನಿರಲಿಲ್ಲ. ತಂಗಿ ಹೆದರಿ ಮೊಬೈಲು ಬಿಟ್ಟಿದ್ದಳು. ಸವದತ್ತಿಯಲ್ಲಿ ಬಸ್ ಬದಲಿಸಿ ರಾಮದುರ್ಗ ಮುಟ್ಟಿದಾಗ ಬಿಸಿಲು ಇಳಿದಿತ್ತು. ಕೌದಿ ಇನ್ನೂ ಗೋಡೆಯ ಮೇಲೇ ಇತ್ತು. ನಾನು ಅದನ್ನು ಎಳೆಯುತ್ತಲೇ ಎಲ್ಲ ಹೇಳಿದೆ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಮೋಟರ್ ಸೈಕಲ್ ಸದ್ದು. ತಂಗಿಯ ಮುಖ ನೋಡಿದೆ, ಅವಳಿಗೆ ಆ ಸದ್ದು ಗೊತ್ತಿತ್ತು. ಮುದುಕಿ ಕೌದಿ ಕಸಿದುಕೊಂಡು ನಾಲ್ಕು ಮಡಿಕೆ ಮಾಡಿ, ಹೊಸ್ತಿಲ ಹೊರಗೆ ಹಾಕಿ, ಅದರ ಮೇಲೆ ಕುಂತಳು. "ಒಳಗ ನಡೀರಿ ಇಬ್ಬರೂ."

ಅವನು ಮನೆ ಮನೆಗೂ ನಿಂತು ಕೇಳುತ್ತ ಬಂದ. ಕೈಯಲ್ಲಿ ಆ ಚಿತ್ರ ಅಚ್ಚು ಹಾಕಿದ ಬಣ್ಣದ ಹಾಳೆ.

"ಆಯಿ, ಇದು ಯಾರ ಮನಿ ಕೌದಿ?"

"ಕೌದಿ ಇಲ್ಲದ ಮನಿ ಯಾವುದೈತೋ ತಮ್ಮಾ? ಕಳಕೊಂಡದ್ದು ಕೌದಿಯೋ, ಹೇಂತಿಯೋ?"

"ನೋಡಿ ಹೇಳ್ರಿ."

"ಕಣ್ಣಿಗೆ ಪೊರಿ ಬಂದೈತಿ. ಮುಂದಿನ ಮನ್ಯಾಗ ಕೇಳು."

ನಾನು ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಮುದುಕಿಯ ಎಡ ಮೊಣಕಾಲ ಪಕ್ಕದಲ್ಲಿ ಎರಡು ಬೆರಳಗಲ ಕೆಂಪು ಚೌಕಳಿ ಹೊರಗೆ ಚಾಚಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ತಂಗಿಯ ಬಾಯಿಗೆ ನಾನು ಕೈ ಒತ್ತಿದ್ದೆ, ನನ್ನ ಬಾಯಿಗೆ ಅವಳು. ಅವನ ಕಣ್ಣು ಹಾಳೆಯಿಂದ ಇಳಿದು ಹೊಸ್ತಿಲ ಕಡೆ ಬಂತು. ಅಲ್ಲಿ ನಿಂತಿತೋ, ಹಾಗೇ ಹಾದುಹೋಯಿತೋ, ಇಷ್ಟು ವರ್ಷ ನೆನೆದರೂ ನನಗೆ ತಿಳಿದಿಲ್ಲ. ಗಾಡಿ ಮತ್ತೆ ಶುರುವಾಯಿತು.

ಸದ್ದು ಓಣಿ ದಾಟಿದ ಮೇಲೆ ಮುದುಕಿ ಅಂದಳು, "ಯಾರರೆ ಬಂದು ನನ್ನ ಎಬ್ಬಸ್ರೆವಾ."

ಆ ಚಿತ್ರದ ವಿಳಾಸ ನನ್ನ ಬಳಿ ಈಗಲೂ ಇದೆ. ಆಗಾಗ ಒತ್ತಿ ನೋಡುತ್ತೇನೆ, ಏನೂ ತೆರೆಯುವುದಿಲ್ಲ. ಆದರೆ ಆ ಹಾಳೆ ಅವನ ಹತ್ತಿರ ಇದ್ದೇ ಇದೆ. ಅಂದಿನ ಮರುದಿನ ನಸುಕಿನ ಮೊದಲ ಬಸ್ಸಿಗೆ ತಂಗಿಯನ್ನು ಹತ್ತಿಸಿದೆ. ಕೌದಿ ಮುದುಕಿಯ ಬಳಿಯೇ ಉಳಿಯಿತು. ಬಸ್ಸು ಯಾವ ಊರಿನದೆಂದು ನಾನು ಇಲ್ಲೂ ಬರೆಯುವುದಿಲ್ಲ.