ಉಂಡವರ ಕೈ ಹಿಡಿದ ಕಥೆ

ಉಂಡವರ ಹತ್ತಿರ ದುಡ್ಡು ಕೇಳುವುದು ನನಗೆ ಬರುವುದಿಲ್ಲ. ಮನುಷ್ಯನಿಗೆ ಇದೇನೂ ಊನವಲ್ಲ. ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ ಮಾತ್ರ ಇದಕ್ಕಿಂತ ದೊಡ್ಡ ಊನ ಇನ್ನೊಂದಿಲ್ಲ.

ಶಿವನಸಮುದ್ರದಲ್ಲಿ ಕರೆಂಟಿನ ಕೆಲಸ ಮಾಡಿ ನಾನು ನಿವೃತ್ತನಾದ ಮೇಲೆ, ಹೆಂಡತಿ ಜಯಮ್ಮ ಮದ್ದೂರಿನಲ್ಲಿ ಮುದ್ದೆ ಹೋಟೆಲು ತೆರೆದಳು. ವಡೆಯ ಊರಲ್ಲಿ ಮುದ್ದೆಯೇ ಎಂದು ನಾನು ರೇಗಿಸಿದ್ದುಂಟು. ಆದರೆ ಅದು ಅವಳ ಬಹುಕಾಲದ ಆಸೆ. ನನ್ನ ವರ್ಗಾವಣೆ, ಮಗಳ ಓದು, ಅತ್ತೆಯ ಕಾಯಿಲೆ ಎಂದು ಮುಂದಕ್ಕೆ ಹಾಕುತ್ತಲೇ ಬಂದಿದ್ದಳು.

ಮೊದಲ ವಾರ ಕಾಲಿಡಲು ಜಾಗವಿರಲಿಲ್ಲ. ಬಂದವರೆಲ್ಲ ನೆಂಟರು, ಹಳೆಯ ನೆರೆಯವರು. ಹಣ್ಣುಕಾಯಿ ಹಿಡಿದು ಬಂದವರಿಗೆ ಉಪ್ಸಾರಿನ ಬೆಲೆ ಹೇಳುವುದುಂಟೆ? ಅವರು ಜೇಬಿಗೆ ಕೈ ಹಾಕಿದರೆ ನಾನು ಆ ಕೈಯನ್ನೇ ಹಿಡಿದುಕೊಳ್ಳುತ್ತಿದ್ದೆ. ಜಯಮ್ಮ ಒಳಗಿನಿಂದ ಅವರನ್ನೇ ಗದರುತ್ತ ಬಂದು ಇನ್ನರ್ಧ ಮುದ್ದೆ ಇಕ್ಕಿಬಿಡುತ್ತಿದ್ದಳು.

ಎರಡನೆಯ ವಾರ ಬೆಂಚುಗಳು ಖಾಲಿ. ಪರಿಚಯದವರು ಬೇರೆ ಕಡೆ ನೋಡಿಕೊಂಡು ಹೋಗುತ್ತಿದ್ದರು. ಸಾರು ಕೆಟ್ಟಿತೇನೋ ಎಂದು ಜಯಮ್ಮ ಮತ್ತೆ ಮತ್ತೆ ರುಚಿ ನೋಡಿದಳು. ಒಂದು ಮಧ್ಯಾಹ್ನ ಉಳಿದ ಮುದ್ದೆಗಳ ಮುಂದೆ ಕೂತು, ‘ನನ್ ಕೈಲಿ ಆಗಲ್ಲ ಕಣ್ರೀ, ಮುಚ್ಬುಡಣ’ ಎಂದಳು.

ಅದೇ ಹೊತ್ತಿಗೆ ಆತಗೂರಿನ ನನ್ನ ಅಕ್ಕ ಬಂದಳು. ಹಲ್ಲು ಕಟ್ಟಿಸಿಕೊಳ್ಳಲು ದಿನಾ ಮದ್ದೂರಿಗೆ ಬಂದು ಹೋಗುತ್ತಿದ್ದವಳು, ಮೊದಲ ದಿನ ಉಂಡದ್ದು ಬಿಟ್ಟರೆ ಇತ್ತ ಸುಳಿದಿರಲಿಲ್ಲ. ಮುದ್ದೆ ನುಂಗಲು ಹಲ್ಲೇನೂ ಬೇಕಿಲ್ಲ, ಅದನ್ನೇ ಹೇಳಿ ನಾನು ಆಕ್ಷೇಪಿಸಿದೆ. ಅವಳು ಉಂಡು, ಎದ್ದು, ಸೀದಾ ಬಂದು ನನ್ನ ಮುಂದೆ ನೋಟು ಇಟ್ಟಳು. ನಾನು ಹಿಂದಕ್ಕೆ ತಳ್ಳಿದೆ.

‘ಈಸ್ಕೊಳ್ಳಲಾ. ನೆಂಟ್ರ ಮನೇಲಿ ಒಂದ್ ದಿನ ಉಣ್ಬೋದು. ದಿನಾ ಉಣ್ಣಕ್ಕೆ ಯಾವ್ ಮೊಕ ಇಟ್ಕೊಂಡು ಬರ್ಲಿ? ಅದ್ಕೇ ಕಣ್ಲಾ ಯಾರೂ ಬತ್ತಾ ಇಲ್ಲ.’

ಮದುವೆಯಲ್ಲಿ ಉಂಡವರು ಕವರಿನಲ್ಲಿ ದುಡ್ಡಿಟ್ಟು ಮುಯ್ಯಿ ಮಾಡುತ್ತಾರೆ. ಅದನ್ನು ಊಟದ ಬೆಲೆ ಎಂದು ಯಾರೂ ಅನ್ನುವುದಿಲ್ಲ. ಮುಯ್ಯಿ ಮಾಡಿದವರು ಎಲೆಯಡಿಕೆ ಹಾಕಿಕೊಂಡು ನೆಮ್ಮದಿಯಿಂದ ಬಸ್ಸು ಹತ್ತುತ್ತಾರೆ. ಇಷ್ಟು ಗೊತ್ತಿದ್ದೂ, ಪ್ರೀತಿ ಹೆಚ್ಚಾಗಿ ನಾನು ಎಲ್ಲರ ದಾರಿಗೂ ಅಡ್ಡ ಕೂತಿದ್ದೆ.

ಈಗ ದುಡ್ಡು ತೆಗೆದುಕೊಳ್ಳುತ್ತೇನೆ, ಮುಖ ಮಾತ್ರ ಗೋಡೆಯ ಕಡೆ ತಿರುಗಿಸಿಕೊಂಡು. ಬೆಂಚುಗಳು ಮೆಲ್ಲಗೆ ತುಂಬುತ್ತಿವೆ. ಮೊನ್ನೆ ಎಲ್ಲರೂ ಹೋದ ಮೇಲೆ ನಾನೂ ಉಂಡು ಕೈ ತೊಳೆದು ಬಂದರೆ, ಗಲ್ಲಾದಲ್ಲಿ ಜಯಮ್ಮ ಕೂತಿದ್ದಳು. ನಗದೆ ಕೈ ಚಾಚಿದಳು. ಇಷ್ಟು ವರ್ಷ ಆ ಕೈಯೂಟ ಉಂಡವನು ಮೊದಲ ಸಲ ನೋಟು ಇಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿದಳು.

‘ನಾಳೀಕೂ ಬನ್ನಿ’ ಎಂದಳು.